ಬುಲಿಸಾಳ ಮನೆಯ ಕಸ

೧

ಮೆಸ್ಸೀಯನ ಕಥೆಯನ್ನು ಮೆಸ್ಸೀಯನಿಂದಲೇ ಶುರು ಮಾಡಬೇಕೇ? ಹಾಗೆಂದು ಕೂತರೆ ಮೊದಲ ವಾಕ್ಯಕ್ಕೇ ಇನ್ನೆಷ್ಟು ಶತಮಾನ ಕಾಯಬೇಕೋ. ನನಗೆ ಅಷ್ಟು ತಾಳ್ಮೆಯಿಲ್ಲ, ಓದುಗರೇ, ನಿಮಗಂತೂ ಇಲ್ಲವೇ ಇಲ್ಲ. ಅದಕ್ಕೇ ಪೊರಕೆಯಿಂದ ಶುರು ಮಾಡುತ್ತೇನೆ.

ಸಫೆದ್ ಊರಿನ ನಮ್ಮ ಯೆಹೂದಿ ಓಣಿ. ಅವ್ ತಿಂಗಳ ಒಂಬತ್ತು, ಹಿಂದೆ ಜೆರುಸಲೇಮಿನಲ್ಲಿ ನಮ್ಮ ದೇವಾಲಯ ಸುಟ್ಟುಹೋದ ದಿನ. ಬೆಳಗಿನಿಂದ ಎಲ್ಲರೂ ಉಪವಾಸವಿದ್ದು ನೆಲದ ಮೇಲೆ ಕೂತು ಅಳುತ್ತಾರೆ. ಹೊತ್ತು ತಿರುಗಿದ್ದೇ ತಡ, ಹೆಂಗಸರು ಕಣ್ಣೊರೆಸಿಕೊಂಡು ಮನೆ ಗುಡಿಸಲು ಏಳುತ್ತಾರೆ. ನಾವೆಲ್ಲ ಕಾಯುತ್ತಿರುವ ಉದ್ಧಾರಕ, ಆ ಮೆಸ್ಸೀಯ, ಹುಟ್ಟುವುದು ಇದೇ ದಿನವಂತೆ. ಬಂದವನು ಕಸ ತುಳಿಯಬಾರದು.

ಈ ವರ್ಷ ಬುಲಿಸಾ ಮಾತ್ರ ಏಳಲಿಲ್ಲ.

೨

(ಹರಿದುಹಾಕಿದ ಡ್ರಾಫ್ಟ್: ಪಕ್ಕದ ಮನೆಯ ಸುಲ್ತಾನಾ ಅತ್ತೆ ಒಳಗೆ ಬಂದು, ಚೆನ್ನಾಗಿದೀಯೇನೇ ಎಂದು ಕೇಳಿ, ಕಾಫಿಗೆ ನೀರಿಟ್ಟಳು...)

"ಏನಪ್ಪಾ, ತಲೆ ನೆಟ್ಟಗಿದೆಯಾ?" ಅತ್ತೆ ಕಥೆಯೊಳಗಿಂದಲೇ ಗದರಿದಳು. "ಇವತ್ತು ಯಾರಾದ್ರೂ ಚೆನ್ನಾಗಿದೀಯಾ ಅಂತ ಕೇಳ್ತಾರಾ? ಉಪವಾಸದ ದಿನ ಕಾಫಿ ಬೇರೆ! ನಿಮ್ಮಮ್ಮ ಏನೂ ಕಲಿಸ್ಲಿಲ್ವಾ?"

ಕಲಿಸಿದ್ದಳು. ಲೇಖಕನಾದ ಮೇಲೆ ಎಲ್ಲ ಮರೆತುಹೋಗಿದೆ.

೩

ಅತ್ತೆ ಕುಶಲ ಕೇಳದೆ ಬಂದು ಬುಲಿಸಾಳ ಮುಂದೆ ಪೊರಕೆ ಇಟ್ಟಳು.

"ಏಳೇ."

"ಬೇಡ ಅತ್ತೆ."

ಮಂಚದ ಕೆಳಗೆ ಕುಂಬಳದ ಬೀಜದ ಸಿಪ್ಪೆ ಚೆಲ್ಲಿದೆ. ಬುಲಿಸಾಳ ಆರು ವರ್ಷದ ಮಗಳು ಲೂನಾ ಮಂಚದ ಮೇಲೆ ಮಲಗಿ ತಿಂದು ಉಗಿದದ್ದು. ವಸಂತದ ಪಸ್ಕ ಹಬ್ಬಕ್ಕೆ ಬುಲಿಸಾ ಮನೆಯೆಲ್ಲ ತಿಕ್ಕಿ ತೊಳೆದಿದ್ದಳಲ್ಲ, ಆಮೇಲೆ ಅಲ್ಲಿ ಬಿದ್ದದ್ದು ಇಷ್ಟೇ. ಹಬ್ಬ ಕಳೆದು ಕೆಲವೇ ವಾರಕ್ಕೆ ಜ್ವರ ಬಂದು ಮಗು ಹೋಯಿತು. ಬಟ್ಟೆಬರೆ ಹಂಚಿದ್ದಾಯಿತು. ಈ ಸಿಪ್ಪೆಯನ್ನೂ ಗುಡಿಸಿದರೆ ಮಗಳನ್ನು ತಾನೇ ಹೊರಗೆ ಹಾಕಿದಂತೆ ಎಂದು ಅವಳಿಗೆ ಅನ್ನಿಸಿದೆ. (ಇಲ್ಲೊಂದು ರೂಪಕವಿತ್ತು. ಅಳಿಸಿದೆ. ನನಗೂ ಹೆಣ್ಣುಮಗುವಿದೆ.)

"ಮೆಸ್ಸೀಯ ಬಂದ ದಿನ ಸತ್ತೋರೆಲ್ಲ ಏಳ್ತಾರೆ ಕಣೇ. ನಿನ್ನ ಕೂಸೂ ಏಳುತ್ತೆ. ಮನೆ ಹೀಗಿಟ್ಕೊಂಡು ಹೇಗೆ ಒಳಗೆ ಕರೀತೀಯ?"

"ಒಂದು ಮೂರು ತಿಂಗಳು ಮುಂಚೆ ಬರ್ಬಾರ್ದಿತ್ತಾ ಅವನು?"

ಅತ್ತೆ ಅವಳ ಪಕ್ಕದಲ್ಲೇ ನೆಲಕ್ಕೆ ಕೂತು ಬೆನ್ನು ಸವರಿದಳು.

೪

ಕ್ಲೈಮ್ಯಾಕ್ಸ್ ಒಂದು: ಕಹಳೆಯ ಸದ್ದು, ಹಿರಿಯರು ಹೇಳುವಂತೆ ಬಿಳಿ ಕತ್ತೆಯ ಮೇಲೆ ಮೆಸ್ಸೀಯನ ಎಂಟ್ರಿ, ಅವನ ಹಿಂದೆ ಲೂನಾ.

"ನಿನ್ನ ಕಾಗದದ ಮೇಲೆ ಬಂದ್ರೆ ನನಗೇನು ಬಂತು?" ಎಂದಳು ಬುಲಿಸಾ. "ನನ್ನ ಮನೆಗೆ ಕರ್ಕೊಂಡು ಬಾ."

ಆಗಲಿಲ್ಲ. ಹೊಡೆದುಹಾಕಿದೆ.

ಎರಡು: ಅತ್ತೆಯೇ ಗುಡಿಸಿಬಿಡುತ್ತಾಳೆ. (ಇದನ್ನು ಬರೆಯುತ್ತಿದ್ದಂತೆ ಅತ್ತೆ ಪೊರಕೆಯನ್ನು ನನ್ನತ್ತ ತಿರುಗಿಸಿದಳು.)

೫

ಬರೆಯುವುದು ಬಿಟ್ಟು ಸುಮ್ಮನೆ ನೋಡುತ್ತ ಕೂತೆ. ಆಗ ಬುಲಿಸಾ ತಾನಾಗಿಯೇ ಎದ್ದಳು. ಅಡುಗೆಮನೆ ಗುಡಿಸಿದಳು, ಅಂಗಳ ಗುಡಿಸಿದಳು, ಹೊಸ್ತಿಲು ಒರೆಸಿದಳು. ಮಂಚದ ಹತ್ತಿರ ಬಂದು ಬಗ್ಗಿದವಳು ಹಾಗೇ ನೆಟ್ಟಗಾಗಿ ಪೊರಕೆಯನ್ನು ಮಂಚಕ್ಕೆ ಒರಗಿಸಿಟ್ಟಳು.

"ಇಷ್ಟನ್ನ ಅವಳೇ ಬಂದು ಗುಡಿಸ್ಲಿ. ನೂರು ಸಲ ಹೇಳಿದೀನಿ, ಉಗಿದೋರೇ ಎತ್ಬೇಕು ಅಂತ."

ಅತ್ತೆ ಒರಗಿಸಿಟ್ಟ ಪೊರಕೆಯನ್ನು ಕಣ್ಣಲ್ಲೇ ಅಳೆದಳು. ಆಮೇಲೆ, "ಅದು ಉದ್ದ ಆಯ್ತು ಕಣೇ. ಮಗೂಗೆ ಒಂದು ಗಿಡ್ಡ ಪೊರಕೆ ಕಟ್ಟಿ ತರ್ತೀನಿ," ಎಂದಳು.

ನಾನು ಮತ್ತೆ ಪೆನ್ನು ಎತ್ತಿಕೊಂಡೆ.

"ಹಾಗಾದ್ರೆ ಕಥೆ ಮುಗಿಸ್ಲಾ ಬುಲಿಸಾ?"

"ಅವನು ಬಂದ್ನಾ?"

"ಇಲ್ಲ."

"ಮತ್ತೆ?"