ಚೀಟಿರಾಯರು ಮತ್ತು 'ಘಾತುಕ'

ದಾರಿಯಲ್ಲಿ ಯಾರ ಬಾಯಿಂದಲಾದರೂ ಅಪರೂಪದ ಪದವೊಂದು ಬಿದ್ದರೆ ಸಾಕು, ನಮ್ಮ ಚೀಟಿರಾಯರು ತಾವು ಹೊರಟ ದಿಕ್ಕನ್ನೇ ಮರೆತು, ಗಿರ್ರನೆ ತಿರುಗಿ, ಆಡಿದವರ ಹಿಂದೆ ಹೆಚ್ಚುಕಡಿಮೆ ಓಡುತ್ತಿದ್ದರು. ನಿಘಂಟು ಕಚೇರಿಯಲ್ಲಿ ಹನ್ನೊಂದು ವರ್ಷ ಅವರ ಎದುರು ಕೂತವನು ನಾನು. ಬೂದುಬಣ್ಣದ ಕೋಟಿನ ನಾಲ್ಕೂ ಜೇಬುಗಳು ಕೇಳಿದ ಮಾತು ಬರೆದುಕೊಂಡ ಚೀಟಿಗಳಿಂದ ಉಬ್ಬಿ ಆ ಸಣಕಲು ಶರೀರಕ್ಕೆ ಇಲ್ಲದ ಗಾತ್ರವನ್ನು ತಂದುಕೊಟ್ಟಿದ್ದವು. ಪದ ಬಳಕೆಯಾದ ವಾಕ್ಯಕ್ಕಾಗಿ "ಪ್ರಯೋಗ ಎಲ್ಲಿ, ಪ್ರಯೋಗ?" ಎನ್ನುವುದು ಅವರ ಉಸಿರೇ ಆಗಿತ್ತು.

ಆ ವರ್ಷ 'ಘ'ಕಾರದ ಸರದಿ. ರಾಯರು 'ಘಾತುಕ'ದಲ್ಲಿ ಸಿಕ್ಕಿಕೊಂಡರು. ಕೊಲ್ಲುವವನು, ಹಿಂಸಕ, ವಿನಾಶಕಾರಿ ಎಂಬ ಹಳೆಯ ಅರ್ಥಗಳು ಅವರಿಗೆ ಸಾಲಲಿಲ್ಲ.

"ಕೊಲ್ಲೋನು ಒಂದೇ ಏಟಿಗೆ ಮುಗಿಸ್ತಾನೆ ಕಣ್ರೀ. ಘಾತುಕ ಬೇರೆ. ಜನ ಹೇಗಂತಾರೆ, ಅದು ಬೇಕು ನನಗೆ," ಎಂದು ನ್ಯಾಯಾಲಯದ ಅಂಗಳ, ಆಸ್ಪತ್ರೆಯ ಸಾಲು, ಕ್ಷೌರದಂಗಡಿಗಳನ್ನೆಲ್ಲ ಜಾಲಾಡಿದರು. ಆ ಹುರುಪು ನಮಗೂ ಅಂಟಿತು.

ಒಂದು ಬೆಳಿಗ್ಗೆ ಏದುಸಿರು ಬಿಡುತ್ತ ಬಂದವರೇ ಚೀಟಿಯೊಂದನ್ನು ನನ್ನ ಮೇಜಿನ ಮೇಲೆ ಹರಡಿದರು: 'ನೀನು ಕೆಟ್ಟವನಲ್ಲ ಕಣೋ. ಆದ್ರೆ ನಂಬಿದೋರಿಗೆ ಘಾತುಕ.'

"ಎಂಥ ಪ್ರಯೋಗ ನೋಡಿ. ದ್ವೇಷ ಇಲ್ಲ, ಉದ್ದೇಶ ಇಲ್ಲ, ಆದ್ರೂ ಹಾಳು ಮಾಡ್ತಾನೆ."

"ಯಾರು ಅಂದಿದ್ದು?"

"ನಮ್ಮಕ್ಕ. ಈಗ ತಾನೆ."

"ಯಾರಿಗೆ?"

ರಾಯರು ಬಗ್ಗಿ ಚೀಟಿಯನ್ನು ಮತ್ತೊಮ್ಮೆ ಓದಿ, "ನನಗೇ," ಎಂದರು. ಮದುವೆಯಾಗದ ತಮ್ಮನನ್ನು ಮಗನಂತೆ ಸಾಕಿದ ಅಕ್ಕ. ಎಡಗಣ್ಣು ಮಸುಕಾಗುತ್ತಿದೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಕೇಳಿ ತಿಂಗಳಾಗಿತ್ತು. ಎರಡು ಸಲ ಹೊರಟು, ಎರಡು ಸಲವೂ ಯಾರದೋ ಮಾತಿನ ಹಿಂದೆ ಹೋಗಿ, ಆಕೆಯನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಮರೆತು ಬಂದಿದ್ದರು. ತಡವರಿಸುತ್ತ ಇಷ್ಟು ಹೇಳಿ, ಮೆಟ್ಟಿಲುಗಳನ್ನು ಎರಡೆರಡಾಗಿ ದಾಟಿ ಮನೆಯತ್ತ ಓಡಿದರು. ನಾನೂ ಹಿಂದೆಯೇ ಓಡಿದೆ. ಅಂದೇ ಆಸ್ಪತ್ರೆ, ಮರುದಿನವೇ ಶಸ್ತ್ರಚಿಕಿತ್ಸೆ. ಇನ್ನೊಂದು ವಾರ ಕಳೆದಿದ್ದರೆ ಕಣ್ಣು ಪೂರ್ತಿ ಹೋಗುತ್ತಿತ್ತಂತೆ. ಕಣ್ಣು ಉಳಿಯಿತು, ಹೋದ ಅರ್ಧ ದೃಷ್ಟಿ ಮಾತ್ರ ಮರಳಲಿಲ್ಲ.

'ಘಾತುಕ: ಅರಿತೋ ಅರಿಯದೆಯೋ ಹಾಳುಗೆಡಹುವವನು' ಎಂದು ರಾಯರು ಬರೆದರು. ಸಂಪಾದಕರು 'ಅರಿಯದೆಯೋ' ಎಂಬುದನ್ನು ಹೊಡೆದು ಹಾಕಿದಾಗ, ಎಂದೂ ದನಿಯೆತ್ತದ ಮನುಷ್ಯ ಎದ್ದು ನಿಂತು, ಅದಿಲ್ಲದೆ ಪುಟ ಅಚ್ಚಿಗೆ ಹೋಗಕೂಡದೆಂದರು. ಪ್ರಯೋಗದ ವಾಕ್ಯವನ್ನು ಮಾತ್ರ ಅಕ್ಕನಿಗೆ ಓದಿ ಹೇಳಿ, "ಹಾಕ್ಲಾ ಅಕ್ಕಾ?" ಎಂದು ಕೇಳಿದರು.

"ಹಾಕು. ಸರಿಯಾಗಿ ಬರ್ಕೊಂಡಿದೀಯ," ಎಂದರು ಆಕೆ.

ಒಂದೇ ವಿದ್ಯೆಗೆ ತಮ್ಮನ್ನು ತೆತ್ತುಕೊಂಡವರನ್ನು ಲೋಕ ದೂರದಿಂದ ಮೆಚ್ಚುತ್ತದೆ. ಅವರ ಏಕಾಗ್ರತೆಯ ಬೇಗೆಯನ್ನು ಹತ್ತಿರದವರಾರೋ ಸದ್ದಿಲ್ಲದೆ ಸಹಿಸುತ್ತಿರುತ್ತಾರೆ. ಅಂಥ ತಪಸ್ವಿಗಳಲ್ಲಿ ಬಹುಪಾಲು ಜನ ಇದನ್ನು ಅರಿಯದೆಯೇ ಆಯುಷ್ಯ ಕಳೆಯುತ್ತಾರೆ. ಅರಿತು, ತಮ್ಮ ದೋಷಕ್ಕೆ ತಾವೇ ಅರ್ಥ ಬರೆದಿಡುವ ಧೈರ್ಯದವರು ವಿರಳ.