ತಳ ಕಾಣುವ ಫೋಟೋ

ನನ್ನ ಗಂಡ ಉಪೇಂದ್ರ ಯಾವ ಕಾಗದವನ್ನೂ ಒಂದೇ ಸಲ ಓದಿ ಬಿಡುವವರಲ್ಲ. ಮೂವತ್ನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಫೈಲು ನೋಡಿದ ಮನುಷ್ಯ. ಮದುವೆ ಕರೆಯೋಲೆ ಬಂದರೂ ಸ್ಕೇಲು ಇಟ್ಟು ಸಾಲು ಸಾಲಾಗಿ ಓದಿ ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತಾರೆ. ಮದುವೆಯಾದ ಹೊಸದರಲ್ಲಿ ಅದನ್ನು ನೋಡಿ ನನಗೆ ನಗು ಬರುತ್ತಿತ್ತು. ಆಮೇಲಾಮೇಲೆ ಕೋಪ ಬರತೊಡಗಿತು. ಭಯ ಬಂದದ್ದು ಮಾತ್ರ ಈ ವರ್ಷ, ಮಾರ್ಚ್ ತಿಂಗಳ ಒಂದು ಬುಧವಾರ ಮಧ್ಯಾಹ್ನ.

ನಾವಿರುವುದು ಯಲಹಂಕದಲ್ಲಿ, ಪುಟ್ಟೇನಹಳ್ಳಿ ಕೆರೆಯ ಹಿಂದಿನ ಬಡಾವಣೆ. ಒಳಚರಂಡಿ ಪೈಪು ಮೇನ್ ರೋಡಿನವರೆಗೆ ಬಂದು ಅಲ್ಲೇ ನಿಂತಿದೆ. ನಮ್ಮ ಕ್ರಾಸಿನ ಮನೆಗಳಿಗೆಲ್ಲ ಸೆಪ್ಟಿಕ್ ಟ್ಯಾಂಕೇ ಗತಿ. ನಮ್ಮದು ಪೋರ್ಟಿಕೋದ ಕೆಳಗಿದೆ, ಎಂಟು ಅಡಿ ಆಳ. ಹದಿನಾರು ವರ್ಷದಲ್ಲಿ ಅದು ಒಮ್ಮೆಯೂ ತುಂಬಿರಲಿಲ್ಲ. ಯಾಕೆಂದರೆ ಮನೆ ಕಟ್ಟಿದ ಮೇಸ್ತ್ರಿ ಅದರ ಮೇಲ್ಭಾಗದಿಂದ ಒಂದು ಪೈಪು ತೆಗೆದು ಮಳೆನೀರಿನ ಮೋರಿಗೆ ಕೊಟ್ಟಿದ್ದ. ಕ್ರಾಸಿನಲ್ಲಿ ಎಲ್ಲರದ್ದೂ ಹಾಗೇ. ಆ ಮೋರಿ ಹೋಗಿ ಸೇರುವುದು ಕೆರೆಗೆ. ಸಂಜೆ ವಾಕಿಂಗ್ ಹೋದಾಗ ನಾವೇ ಮೂಗು ಮುಚ್ಚಿಕೊಂಡು, ಈ ಊರಿನ ಜನಕ್ಕೆ ಬುದ್ಧಿಯೇ ಇಲ್ಲ ಎಂದು ಬೈದು ಬರುತ್ತಿದ್ದೆವು.

ಮಗಳು ಮಹತಿಯ ನಿಶ್ಚಿತಾರ್ಥಕ್ಕೆ ಪೋರ್ಟಿಕೋ ಚೆಂದ ಕಾಣಲಿ ಎಂದು ಟ್ಯಾಂಕಿನ ಮುಚ್ಚಳದ ಮೇಲೂ ಟೈಲ್ಸ್ ಹಾಕಿಸಿದವಳು ನಾನೇ. ಅದರ ಮೇಲೆ ದಿನಾ ರಂಗೋಲಿ ಹಾಕುತ್ತಿದ್ದೆ. ಕೆಳಗೇನಿದೆ ಎಂಬುದು ಮರೆತೇ ಹೋಗಿತ್ತು.

ಕೆರೆಗೆ ಕೊಳಚೆ ಬಿಡುತ್ತಿದ್ದೀರಿ ಎಂದು ಪಾಲಿಕೆಯಿಂದ ನೋಟಿಸು ಬಂತು. ಮೋರಿಗೆ ಕೊಟ್ಟ ಪೈಪನ್ನು ಮುಚ್ಚಬೇಕು, ಟ್ಯಾಂಕನ್ನು ಯಂತ್ರದಿಂದ ಖಾಲಿ ಮಾಡಿಸಬೇಕು, ಅದರ ತಳ ಮತ್ತು ಗೋಡೆ ಕಾಣುವ ಫೋಟೋವನ್ನು ಪರಿಶೀಲನೆಗೆ ಬಂದವರಿಗೆ ತೋರಿಸಬೇಕು. ಏಳು ದಿನದ ಗಡುವು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ಯಾವುದೇ ವ್ಯಕ್ತಿಯನ್ನು ನೇಮಿಸಿ ಟ್ಯಾಂಕಿನೊಳಗೆ ಇಳಿಸುವುದು ಶಿಕ್ಷಾರ್ಹ ಅಪರಾಧ ಎಂದಿತ್ತು.

“ಸರ್ವೀಸಲ್ಲಿ ಒಂದು ಮೆಮೊ ತಗೊಂಡಿಲ್ಲ ಕಣೇ ನಾನು. ಈಗ ಕಕ್ಕಸು ಗುಂಡಿಗೆ ನೋಟಿಸು” ಅಂದರು ಉಪೇಂದ್ರ. ಅವರ ಮುಖ ಸಣ್ಣದಾಗಿತ್ತು. ಅವತ್ತಿನಿಂದ ಅವರಿಗೆ ಊಟ ಸೇರಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸುವುದು, ಎದ್ದು ಹೋಗಿ ನೋಟಿಸು ಓದುವುದು. ಗೇಟಿನ ಸದ್ದಾದರೆ ಬೆಚ್ಚುವುದು. ಕಳ್ಳನ ಹಾಗೆ ಯಾಕೆ ಆಡ್ತೀರಿ ಎಂದು ನಾನು ರೇಗಿದೆ. ಆದರೆ ಅವರ ಭಯ ನನಗೂ ಅಂಟುತ್ತಿತ್ತು.

ಇಡೀ ಕ್ರಾಸಿಗೆ ನೋಟಿಸು ಬಂದಿದ್ದರಿಂದ ಗುಂಡಿ ಎಳೆಯುವ ಲಾರಿಗೆ ಎಲ್ಲಿಲ್ಲದ ಬೇಡಿಕೆ. ನಮ್ಮ ಸರದಿ ಬಂದದ್ದು ಆರನೆಯ ದಿನ. ಮರುದಿನ ಹನ್ನೊಂದಕ್ಕೆ ಪರಿಶೀಲನೆ.

ಲಾರಿಯ ಮುನಿಆಂಜಿನಪ್ಪ ರಾಜಾನುಕುಂಟೆಯವರು. ಅರವತ್ತರ ಹತ್ತಿರದ ವಯಸ್ಸು, ಕುತ್ತಿಗೆಗೆ ಟವಲು. ನಮ್ಮ ಕ್ರಾಸಿನೊಳಗೆ ಲಾರಿ ತಿರುಗದ ಕಾರಣ ಮೂಲೆಯಲ್ಲೇ ನಿಲ್ಲಿಸಿ ನಾಲ್ಕು ಪೈಪು ಜೋಡಿಸಿಕೊಂಡು ಬಂದರು. ಎದುರು ಮನೆಯಲ್ಲಿ ಗ್ರಿಲ್ ಕೆಲಸದ ವಹಾಬ್ ಇದ್ದಾರೆ. ಅವರು ಉಳಿ ಸುತ್ತಿಗೆ ತಂದು ಟೈಲ್ಸ್ ಒಡೆದುಕೊಟ್ಟು ಮತ್ತೆ ತಮ್ಮ ವೆಲ್ಡಿಂಗಿಗೆ ಹೋದರು. ಮುಚ್ಚಳ ಎತ್ತಿದಾಗ ಬಂದ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು.

“ದೂರ ಓಗಿ, ದೂರ ಓಗಿ” ಎಂದು ಮುನಿಆಂಜಿನಪ್ಪ ನಮ್ಮನ್ನು ಗೇಟಿನವರೆಗೆ ಅಟ್ಟಿದರು.

ಒಂದು ಗಂಟೆ ಯಂತ್ರ ಗುರುಗುಟ್ಟಿತು. ಆಮೇಲೆ ಪೈಪು ಬರೀ ಗಾಳಿ ಎಳೆಯತೊಡಗಿತು. ಅವರು ಉದ್ದದ ಗಳ ಇಳಿಬಿಟ್ಟು ಕುಟ್ಟಿ ನೋಡಿ ತಲೆ ಆಡಿಸಿದರು.

“ಅಡೀಲಿ ಗಟ್ಟಿ ಆಗ್ಬುಟ್ಟೈತೆ ಸಾಮಿ. ಎಲ್ಡು ಅಡಿ ಐತೆ. ನೀರು ಬುಟ್ಟು ನೆನ್ಯಾಕ್ ಆಕಿ. ಶುಕ್ರವಾರ ಬಂದು ಎಳ್ಕೊಡ್ತೀನಿ.”

“ನಾಳೆ ಬೆಳಿಗ್ಗೆ ಬರ್ತಾರೆ ಕಣಪ್ಪಾ. ತಳ ಕಾಣ್ಬೇಕು. ಯಾರಾದ್ರೂ ಇಳಿದು ಸ್ವಲ್ಪ ಕೆದಕಿಬಿಟ್ರೆ…” ಉಪೇಂದ್ರ ಅರ್ಧಕ್ಕೆ ನಿಲ್ಲಿಸಿದರು. ತಾವು ಏನು ಹೇಳುತ್ತಿದ್ದೇವೆ ಎಂದು ಅವರಿಗೇ ಗಾಬರಿಯಾಗಿರಬೇಕು.

ಮುನಿಆಂಜಿನಪ್ಪ ಗಳ ಕೆಳಗಿಟ್ಟರು. “ಆ ಮಾತು ಆಡ್ಬ್ಯಾಡಿ ಸಾಮಿ. ನಮ್ಮ ಬಾವ ಇಂಗೇ ಓಗಿದ್ದು, ಎಸರಘಟ್ಟದ ಕಡೆ ಒಂದು ಗುಂಡೀಲಿ. ಅವ್ನು ಬಿದ್ದ ಅಂತ ಎತ್ತಾಕೆ ಅವನ ತಮ್ಮ ಇಳ್ದ. ತಮ್ಮ ಬಿದ್ದ ಅಂತ ಜಮೀನಿನ ಯಜಮಾನ ಇಳ್ದ. ಐದು ನಿಮಿಸಕ್ಕೆ ಮೂರು ಎಣ.” ನನ್ನ ಕಡೆ ತಿರುಗಿದರು. “ಇಳ್ದೋರಿಗೆ ಕೂಗಾಕೂ ಆಗಲ್ಲ ತಾಯಿ. ಮ್ಯಾಲಿರೋರ್ಗೆ ಗೊತ್ತೇ ಆಗಲ್ಲ.”

ನಾನು ಗುಂಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಉಪೇಂದ್ರ ಮಾತ್ರ ವಾಚು ನೋಡಿಕೊಳ್ಳುತ್ತಿದ್ದರು.

ಪೈಪು ಬಿಚ್ಚಿಕೊಂಡು ಬರುತ್ತೇನೆ, ಅಷ್ಟರವರೆಗೆ ಯಾರೂ ಹತ್ತಿರ ಹೋಗಬೇಡಿ ಎಂದು ಹೇಳಿ ಮುನಿಆಂಜಿನಪ್ಪ ಮೂಲೆಯಲ್ಲಿದ್ದ ಲಾರಿಯತ್ತ ನಡೆದರು.

“ಸೀತಾ, ಪಾಪ ಅವರಿಗೆ ಕಾಫಿ ಕೊಡು. ಹೊಸ ಡಿಕಾಕ್ಷನ್ ಹಾಕು” ಅಂದರು ನನ್ನವರು.

ನನಗೆ ಆಗಲೇ ಹೊಳೆಯಬೇಕಿತ್ತು. ಮಧ್ಯಾಹ್ನ ಮೂರು ಗಂಟೆಗೆ ಹೊಸ ಡಿಕಾಕ್ಷನ್ ಹಾಕು ಎಂದ ಗಂಡಸೇ ಅಲ್ಲ ಅವರು. ಬೆಳಗಿನದಕ್ಕೇ ಬಿಸಿನೀರು ಸುರಿ ಎನ್ನುವ ಜಾತಿ. ಆದರೆ ನಾನು, ಪರವಾಗಿಲ್ಲ, ಇವರಿಗೂ ಮನುಷ್ಯರನ್ನು ಕಂಡರೆ ಕರುಣೆ ಇದೆ ಎಂದು ಸಂತೋಷಪಟ್ಟುಕೊಂಡು ಒಳಗೆ ಹೋದೆ. ಫಿಲ್ಟರಿಗೆ ಪುಡಿ ಹಾಕಿ, ನೀರು ಸುರಿದು, ಅದು ಇಳಿಯಲಿ ಎಂದು ಕಾಯುತ್ತಾ ಊಟದ ಮೇಜಿನ ಹತ್ತಿರ ಬಂದೆ.

ನೋಟಿಸು ಅಲ್ಲೇ ಇತ್ತು. ‘ನೇಮಿಸಿ’ ಎಂಬ ಪದದ ಕೆಳಗೆ ಎರಡು ಕೆಂಪು ಗೀಟು. ಪಕ್ಕದ ಖಾಲಿ ಜಾಗದಲ್ಲಿ ಅವರ ಉರುಟು ಅಕ್ಷರ: ‘ಮಾಲೀಕರು ಸ್ವತಃ ಇಳಿದರೆ? ನಿಷೇಧ ಕಂಡುಬರುವುದಿಲ್ಲ.’ ಅದರ ಕೆಳಗೆ ಒಂದು ಪಟ್ಟಿ. ಹಗ್ಗ. ಮಾಸ್ಕ್. ಗ್ಲೌಸ್. ಏಣಿ. ಟಾರ್ಚ್ (ಮೊಬೈಲ್). ಎಲ್ಲದರ ಮುಂದೆಯೂ ಸರಿ ಗುರುತು.

ನಾನು ಓಡಿದೆ. ಊಟದ ಮೇಜಿನಿಂದ ಪೋರ್ಟಿಕೋಗೆ ಹದಿನೈದು ಹೆಜ್ಜೆ ಇರಬಹುದು, ಅಷ್ಟು ದೂರ ನಾನು ಜೀವಮಾನದಲ್ಲಿ ಓಡಿಲ್ಲ.

ಅಟ್ಟದ ಅಲ್ಯೂಮಿನಿಯಂ ಏಣಿಯ ತುದಿ ಗುಂಡಿಯಿಂದ ಮೇಲೆ ಕಾಣುತ್ತಿತ್ತು. ಬಟ್ಟೆ ಒಣಹಾಕುವ ನೈಲಾನ್ ಹಗ್ಗದ ಒಂದು ತುದಿಯನ್ನು ಪೋರ್ಟಿಕೋ ಕಂಬಕ್ಕೆ ಬಿಗಿದಿದ್ದರು. ಇನ್ನೊಂದು ತುದಿ ಒಳಗಿತ್ತು.

“ರೀ! ಮೇಲೆ ಬನ್ನಿ! ಈಗಲೇ ಬನ್ನಿ!”

“ಎರಡೇ ನಿಮಿಷ ಕಣೇ” ಎಂದಿತು ಒಳಗಿನಿಂದ ಅವರ ದನಿ. ಕೊರೋನಾ ಕಾಲದ ಮಾಸ್ಕಿನೊಳಗೆ ಹೂತುಹೋದ ದನಿ. “ಸುಮ್ನೆ ಹೆದರಿಸಿದ ಅವನು. ಈಗ ವಾಸನೇನೇ ಇಲ್ಲ ನೋಡು.”

ಆ ಗಾಳಿ ಮೊದಲು ಕೊಲ್ಲುವುದು ಮೂಗನ್ನು ಎಂದು ಆಮೇಲೆ ಡಾಕ್ಟರು ಹೇಳಿದರು. ವಾಸನೆ ಹೋಗಲಿಲ್ಲ, ವಾಸನೆ ತಿಳಿಯುವ ಶಕ್ತಿ ಹೋಯಿತು ಅಷ್ಟೇ. ಆಗ ನನಗೆ ಅದು ಗೊತ್ತಿರಲಿಲ್ಲ. ಆದರೂ ಆ ಮಾತು ಕೇಳಿ ನಾನು ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಬಗ್ಗಿದೆ.

“ರೀ, ನಿಮ್ಮ ದಮ್ಮಯ್ಯ.”

ಮೊಬೈಲಿನ ಬೆಳಕು ಗೋಡೆಯ ಮೇಲೆ ಒಮ್ಮೆ ತಿರುಗಿ ಕೆಳಗೆ ಬಿತ್ತು. ಏಣಿ ಅಲುಗಾಡಿತು. ಹಗ್ಗ ಒಮ್ಮೆಲೇ ಬಿಗಿಯಾಗಿ ಗುಂಡಿಯ ಅಂಚಿಗೆ ಒತ್ತಿಕೊಂಡಿತು. ಕೆಸರಿನ ಮೇಲೆ ಬಿದ್ದ ಮೊಬೈಲು ಇನ್ನೂ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಅವರ ನೆತ್ತಿ ಕಂಡಿತು, ಒಂದು ಪಕ್ಕಕ್ಕೆ ವಾಲಿತ್ತು. ಕೂಗು ಇಲ್ಲ, ನರಳಾಟ ಇಲ್ಲ. ಎದುರುಗಡೆ ವಹಾಬರ ವೆಲ್ಡಿಂಗ್ ಮೆಷಿನ್ನು ಚರಚರ ಎನ್ನುತ್ತಲೇ ಇತ್ತು.

ನಾನು ಕಿರುಚಿದೆ. ಸೆರಗು ಸಿಕ್ಕಿಸಿಕೊಂಡು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ. ಯಾರೋ ಹಿಂದಿನಿಂದ ನನ್ನ ಎರಡೂ ರಟ್ಟೆ ಹಿಡಿದು ಎಳೆದರು. ಮುನಿಆಂಜಿನಪ್ಪ.

“ಇಳೀಬ್ಯಾಡಿ! ಅಗ್ಗ ಐತೆ, ಅಗ್ಗ ಇಡ್ಕಳಿ!”

ವಹಾಬ್ ವೆಲ್ಡಿಂಗ್ ಕನ್ನಡಕ ಹಾಕಿಕೊಂಡೇ ಓಡಿ ಬಂದರು. ಮೂವರೂ ಹಗ್ಗಕ್ಕೆ ಬಿದ್ದೆವು. ಪುಣ್ಯಕ್ಕೆ ಉಪೇಂದ್ರ ಹಗ್ಗವನ್ನು ಸೊಂಟಕ್ಕಲ್ಲ, ಕಂಕುಳಿನ ಕೆಳಗೆ ಎರಡು ಸುತ್ತು ಹಾಕಿ ಕಟ್ಟಿಕೊಂಡಿದ್ದರು. ಯಾವುದೋ ಸುರಕ್ಷತಾ ಸುತ್ತೋಲೆಯಲ್ಲಿ ಓದಿರಬೇಕು. ತೆಳ್ಳನೆಯ ನೈಲಾನು ಅಂಗೈ ಕೊಯ್ಯುತ್ತಿತ್ತು. ವಹಾಬ್ “ಯಾ ಅಲ್ಲಾ, ಯಾ ಅಲ್ಲಾ” ಎನ್ನುತ್ತಾ ಎಳೆಯುತ್ತಿದ್ದರು. ನಾನು ಯಾವ ದೇವರನ್ನು ಕರೆದೆನೋ ನೆನಪಿಲ್ಲ. ಭುಜ ಮೇಲೆ ಬಂತು, ಮಾಸ್ಕು ಹಾಕಿದ ಮುಖ ಬಂತು. ಟೈಲ್ಸ್ ಚೂರುಗಳ ಮೇಲೆ ಅವರನ್ನು ಮಲಗಿಸಿದಾಗ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ವಹಾಬ್ ಎದೆ ಒತ್ತಿದರು. ನಾನು ಕೆನ್ನೆಗೆ ಹೊಡೆದೆ, ಮೂವತ್ತೊಂದು ವರ್ಷದ ಸಂಸಾರದಲ್ಲಿ ಮೊದಲ ಸಲ, ಕೈ ಬೀಸಿ ಹೊಡೆದೆ. ಮೂರನೆಯ ಏಟಿಗೋ ನಾಲ್ಕನೆಯದಕ್ಕೋ ಅವರ ಗಂಟಲಿನಿಂದ ಗೊರ್ರೆಂದು ಉಸಿರು ಬಂತು.

ವಹಾಬರ ಗೂಡ್ಸ್ ಗಾಡಿಯಲ್ಲೇ ಆಸ್ಪತ್ರೆಗೆ ಹೋದೆವು. ಎರಡು ರಾತ್ರಿ ಆಕ್ಸಿಜನ್. ಪರಿಶೀಲನೆಗೆ ಬಂದವರು ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತು, “ಒಂದು ಅರ್ಜಿ ಬರೆದುಕೊಟ್ಟಿದ್ರೆ ಹದಿನೈದು ದಿನ ಟೈಮ್ ಕೊಡ್ತಿದ್ವಲ್ಲಾ” ಅಂದರಂತೆ. ಶುಕ್ರವಾರ ಮುನಿಆಂಜಿನಪ್ಪ ಹೇಳಿದಂತೆಯೇ ಬಂದು, ನೆನೆದ ಕೆಸರನ್ನೆಲ್ಲ ಎಳೆದು ಹೋದರು. ತಳ ಕಂಡಿತು. ಮೇಲಿನಿಂದಲೇ ವಹಾಬ್ ಫೋಟೋ ತೆಗೆದರು.

ಮೂರನೆಯ ದಿನ ಉಪೇಂದ್ರ ಸರಿಯಾಗಿ ಕಣ್ಣು ಬಿಟ್ಟಾಗ ಹತ್ತಿರ ಇದ್ದದ್ದು ವಹಾಬ್. ಆಮೇಲೆ ನಾನು ಒಳಗೆ ಬಂದಾಗ ಉಪೇಂದ್ರ ಮಾಸ್ಕು ಸರಿಸಿ ಕೇಳಿದ ಮೊದಲ ಮಾತು, “ನೀನು ಇಳೀಲಿಲ್ಲ ತಾನೇ?”

“ಇಲ್ಲ ರೀ.”

“ಇಳಿಯೋಕೆ ಹೋದ್ಯಂತೆ. ಮುನಿಆಂಜಿನಪ್ಪ ಹಿಡ್ಕೊಂಡ್ರಂತೆ. ವಹಾಬ್ ಹೇಳಿದ್ರು.” ಅವರ ಕಣ್ಣಲ್ಲಿ ನೀರು ತುಂಬಿತು. “ನನ್ನಂಥ ಪೆದ್ದನಿಗೋಸ್ಕರ.”

ನಾನು ಮಾಸ್ಕನ್ನು ಮತ್ತೆ ಅವರ ಮೂಗಿನ ಮೇಲೆ ಸರಿಮಾಡಿದೆ.

ಈಗ ಮನೆಗೆ ಯಾರೇ ಬರಲಿ, ಉಪೇಂದ್ರರದ್ದು ಅದೇ ಕಥೆ. ಇವಳು ಹಿಂದೆ ಮುಂದೆ ನೋಡದೆ ನನ್ನ ಹಿಂದೆ ಇಳಿಯೋಕೆ ಹೊರಟಿದ್ಲು ಎಂದು ಹೆಮ್ಮೆಯಿಂದ ಹೇಳುತ್ತಾರೆ. ಬಂದವರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಾರೆ. ನಾನು ಕಾಫಿ ತರುವ ನೆಪ ಮಾಡಿ ಎದ್ದುಹೋಗುತ್ತೇನೆ.

ನಡೆದದ್ದು ಹಾಗಲ್ಲ. ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದು ನಿಜ. ಆದರೆ ಮುನಿಆಂಜಿನಪ್ಪನವರ ಕೈ ನನ್ನ ರಟ್ಟೆಗೆ ತಾಗುವ ಮೊದಲೇ ನಾನು ಆ ಕಾಲನ್ನು ಹಿಂದಕ್ಕೆ ತೆಗೆದುಕೊಂಡಿದ್ದೆ. ಒಬ್ಬರ ಹಿಂದೆ ಒಬ್ಬರು ಇಳಿದು ಸತ್ತ ಮೂವರ ನೆನಪಾಗಿ ಬುದ್ಧಿವಂತಿಕೆಯಿಂದ ತೆಗೆದದ್ದಲ್ಲ. ಕೆಳಗೆ ಅವರ ನೆತ್ತಿ ಕಾಣುತ್ತಿತ್ತು, ಸಾಯಬಾರದು ಅನ್ನಿಸಿತು. ಅವರಲ್ಲ, ನಾನು.

ಮುನಿಆಂಜಿನಪ್ಪನವರಿಗೆ ಇದು ಗೊತ್ತು. ಶುಕ್ರವಾರ ಪೈಪು ಸುತ್ತುತ್ತಾ, ಯಾರೂ ಇಲ್ಲದಾಗ ಮೆಲ್ಲಗೆ ಹೇಳಿದರು: “ನಾನೇ ಇಡ್ದು ಎಳ್ದೆ ಅಂತ ಏಳಿವ್ನಿ ತಾಯಿ. ಅಂಗೇ ಇರ್ಲಿ.”