ತಿರುಗದ ಹರಿಗೋಲು

ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಹರಿಗೋಲು ಎಂದೂ ತಿರುಗುತ್ತಿರಲಿಲ್ಲ. ಈ ದಡದಿಂದ ಹೊರಟು, ಯಾರೋ ನೂಲು ಕಟ್ಟಿ ಎಳೆದ ಹಾಗೆ ನೆಟ್ಟಗೆ ಆಚೆ ದಡ ಸೇರುತ್ತಿತ್ತು. ಅದರಲ್ಲಿ ಹಳದಿ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಹೋದವಳು ಅವಳ ಅಕ್ಕ ದೇವೀರಿ. ದಡದಲ್ಲಿ ನಿಂತು "ಅಕ್ಕಾ" ಎಂದು ಗಂಟಲು ಹರಿಯುವಂತೆ ಕೂಗಿದ ಪುಟ್ಟ ಹುಡುಗಿ ನನ್ನ ಅಜ್ಜಿ. ಅಕ್ಕ ಒಂದು ಸಲವೂ ಈ ಕಡೆ ನೋಡಲಿಲ್ಲ. ಕತೆ ಅಲ್ಲಿಗೆ ಬಂದಾಗಲೆಲ್ಲ ಅಜ್ಜಿಯ ಹುಬ್ಬು ಗಂಟಾಗುತ್ತಿತ್ತು. ಆ ಮುನಿಸಿಗೆ ವಯಸ್ಸಾಗಿರಲೇ ಇಲ್ಲ.

ಆಮೇಲಿನದೆಲ್ಲ ಅಕ್ಕನ ಗಂಡನ ಮನೆಯ ವೈಭವ. ಎರಡು ಆನೆ ಜೋಡಿಯಾಗಿ ಹಾಯುವಂಥ ಹೆಬ್ಬಾಗಿಲು, ಕಂಬ ಎಣಿಸಲು ಹೋದವರು ಲೆಕ್ಕ ತಪ್ಪಿ ಮೊದಲಿನಿಂದ ಶುರುಮಾಡುವ ತೊಟ್ಟಿ, ದೀಪ ಹಚ್ಚುವ ಹೊತ್ತಿಗೆ ಗೂಡಿಗೆ ಬಂದು ಮನೆಯವರ ಹೆಸರು ಹಿಡಿದು ಕೂಗುವ ಗಿಣಿಗಳು, ನಾಗಲೋಕದವರೆಗೆ ಮೆಟ್ಟಿಲು ಇಳಿಯುವ ಕೊಳ. ನಾನು ಬೆಳೆದದ್ದು ನಮ್ಮ ಬಾಡಿಗೆ ಮನೆಯಲ್ಲಾದರೂ, ಬೈಸಿಕೊಂಡ ದಿನ, ಜ್ವರ ಬಂದ ದಿನ ಹೋಗಿ ಇರುತ್ತಿದ್ದುದು ಆ ಮನೆಯಲ್ಲೇ.

ಅಜ್ಜಿ ಹಾಸಿಗೆ ಹಿಡಿದ ವರ್ಷ ಒಂದು ಮಧ್ಯಾಹ್ನ ನನ್ನನ್ನೂ ತನ್ನ ಮಗಳು ಅಂಬುಜತ್ತೆಯನ್ನೂ ಹತ್ತಿರ ಕರೆದಳು. ಕತೆಯಲ್ಲಿ ಎಂದೂ ಹೇಳದಿದ್ದ ಒಂದು ಸಂಗತಿಯನ್ನು ಅಂದು ಹೇಳಿದಳು. ಅಕ್ಕ ಹೋಗುವುದಕ್ಕೆ ಕೆಲವು ದಿನ ಮೊದಲು ಮರದ ಬೊಂಬೆಯೊಂದಕ್ಕಾಗಿ ಇಬ್ಬರಿಗೂ ಜಗಳವಾಗಿತ್ತಂತೆ. ಇವಳು ಅಕ್ಕನ ಮುಂಗೈ ಕಚ್ಚಿದ್ದಳು. ಅಕ್ಕ ಅಳುತ್ತಲೇ ಕಿರುಬೆರಳು ಮುಂದೆ ಚಾಚಿ ಠೂ ಬಿಟ್ಟಿದ್ದಳು. ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕಿ ರಾಜಿಯಾಗುವಷ್ಟರಲ್ಲಿ ಮನೆಯಲ್ಲಿ ಏನೋ ಗಡಿಬಿಡಿ. ಇವಳನ್ನು ಒಯ್ದು ದೂರದ ಕೇರಿಯ ನೆಂಟರ ಮನೆಯಲ್ಲಿ ಬಿಟ್ಟರು. ತಪ್ಪಿಸಿಕೊಂಡು ಓಡಿಬಂದಾಗ ಅಕ್ಕ ಆಗಲೇ ಹರಿಗೋಲಿನಲ್ಲಿದ್ದಳು. ದಡದಲ್ಲಿ ಎಲ್ಲರೂ ಅಳುತ್ತಿದ್ದರು, ಹೆಣ್ಣು ಕಳಿಸುವಾಗ ಅಳುವುದೇ ಅಲ್ಲವೇ. ಅಪ್ಪ ಹೇಳಿದ್ದು ಒಂದೇ ಮಾತು, ನಿಮ್ಮಕ್ಕನ್ನ ಆಚೆ ದಡಕ್ಕೆ ಕೊಟ್ಟೆವು ಎಂದು. ಆ ವರ್ಷವೇ ಅವರ ಸಂಸಾರ ಹೊಳೆಸೀಮೆ ಬಿಟ್ಟು ಬಂತು.

ಅಜ್ಜಿ ತಲೆದಿಂಬಿನ ಕೆಳಗಿನಿಂದ ಒಂದು ಹಸಿರು ಸೀರೆ ತೆಗೆಸಿದಳು. ತವರಿನ ಸೀರೆ, ದೇವೀರಿಗೆ. "ಇನ್ನೂ ಠೂನೇ ಇದೆಯಾ ಅಂತ ಕೇಳ್ಕೊಂಡು ಬಾ. ಯಾಕೆ ತಿರುಗಿ ನೋಡ್ಲಿಲ್ಲ ಕೇಳು. ಹಿಂಗೇ ಮುನಿಸಿಟ್ಕೊಂಡ್ರೆ ನಾನು ಸಾಯೋದೂ ನೆಟ್ಟಗೆ ಸಾಯಲ್ಲ ಕಣೆ."

ಹೊರಗೆ ಬಂದ ಮೇಲೆ ಅತ್ತೆ, ಅಮ್ಮನಿಗೆ ಅರಳುಮರಳು, ಆ ದೊಡ್ಡಮ್ಮ ಇಷ್ಟು ಕಾಲ ಇರುತ್ತಾರೆಯೇ ಎಂದು ಗೊಣಗಿದಳು. ಆದರೂ ಸೀರೆಯನ್ನು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟವಳು ಅವಳೇ.

ಹೊಳೆಯ ಆಚೆ ದಡದ ಊರುಗಳನ್ನು ಸೇತುವೆ ದಾಟಿ ಬಸ್ಸಿನಲ್ಲಿ ಸುತ್ತುವುದೆಂದು ಹೊರಟೆವು. ಮೊದಲ ಊರು ಕೋಟೆಯೂರು. ಬಸ್ಸು ಹೆಬ್ಬಾಗಿಲಿನ ಕೆಳಗೆ ಹಾಯುವಾಗ ನಾನು ಕಿಟಕಿಯಿಂದ ತಲೆ ಹೊರಹಾಕಿ ನೋಡಿದೆ. ಎರಡು ಆನೆ ಖಂಡಿತ ಹಾಯುತ್ತಿದ್ದವು. ಈಗ ಅಲ್ಲಿ ಒಂದು ಎಮ್ಮೆ ಮಾತ್ರ ಕಲ್ಲಿನ ದ್ವಾರಪಾಲಕನಿಗೆ ಬೆನ್ನು ಉಜ್ಜಿಕೊಳ್ಳುತ್ತಿತ್ತು. ಒಳಗೆ ಕಂಬದ ಮಂಟಪ, ಕಂಬಗಳ ಬಿರುಕಿನಲ್ಲಿ ಗಿಣಿಗಳು. ನಾನು ಕಂಬ ಎಣಿಸುತ್ತ ಹೋಗಿ ಲೆಕ್ಕ ತಪ್ಪಿದೆ. ತಪ್ಪಿದ್ದಕ್ಕೆ ಸಂತೋಷದಿಂದ ಕಣ್ಣು ತುಂಬಿತು. ಕತೆ ಸುಳ್ಳಾಗಿರಲಿಲ್ಲ.

ಮಂಟಪದ ನೆರಳಿನಲ್ಲಿ ಹೆಂಗಸರು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಅತ್ತೆ ನನ್ನ ಮುಖ ನೋಡಿ, "ಇದೇ ನಿಮ್ಮ ದೊಡ್ಡಜ್ಜಿ ಮನೆ ಅಂತಾದ್ರೆ ನೀನೂ ಕೂತು ನಾಲ್ಕು ಹಣ್ಣು ಬಿಡಿಸು. ಮೊಮ್ಮಗಳು ಅಂತ ಊಟಕ್ಕಾದ್ರೂ ಹಾಕ್ತಾರೆ," ಎಂದಳು. ಹೆಂಗಸರು ನಕ್ಕರು. ನಾವು ಬಂದ ಕೆಲಸ ಹೇಳಿದೆವು. ಎಲ್ಲರೂ ಉತ್ಸಾಹದಿಂದ ತಮ್ಮ ತಮ್ಮ ಮನೆಯ ಮುದುಕಿಯರ ಹೆಸರು ನೆನೆಸಿಕೊಳ್ಳತೊಡಗಿದರು. ಆದರೆ ಅಜ್ಜಿಯ ತವರೂರಿನ ಹೆಸರು ಬಂದಕೂಡಲೇ ಅವರಲ್ಲಿ ಹಿರಿಯಳೊಬ್ಬಳ ಕೈ ನಿಂತಿತು. ಆ ಊರಿನ ಹರಿಗೋಲಿನ ಕಡವಿನಿಂದ ಈ ಕಡೆಗೆ ಯಾರೂ ಹೆಣ್ಣು ತರುವುದಿಲ್ಲ ಎಂದಳು. ಯಾಕೆಂದು ಕೇಳಿದರೆ, ತರುವುದಿಲ್ಲ ಅಷ್ಟೆ ಎಂದು ಹುಣಸೆಬೀಜ ಆಯುವುದಕ್ಕೆ ತಿರುಗಿಕೊಂಡಳು. ಆಮೇಲೆ ಯಾರೂ ನಗಲಿಲ್ಲ.

ಮುಂದಿನ ಊರಿನಲ್ಲೂ ಹಾಗೆಯೇ ಆಯಿತು. ಅಲ್ಲಿ ಕೊಳವಿತ್ತು, ಹಸಿರು ನೀರಿನೊಳಗೆ ಮಾಯವಾಗುವ ಮೆಟ್ಟಿಲುಗಳಿದ್ದವು. ಮೆಟ್ಟಿಲ ಮೇಲೆ ಬಿಂದಿಗೆ ತೊಳೆಯುತ್ತಿದ್ದ ಅರ್ಚಕರು ನಮ್ಮ ಮಾತನ್ನು ಪೂರ್ತಿ ಕೇಳಿ, ನನ್ನ ಕೈಯಲ್ಲಿದ್ದ ಸೀರೆಯ ಗಂಟನ್ನು ಒಮ್ಮೆ ನೋಡಿ, ಅಜ್ಜಿಯ ತವರೂರಿಗೇ ಹೋಗಿ ವಿಚಾರಿಸಿ ತಾಯಿ ಎಂದಷ್ಟೇ ಹೇಳಿದರು. ಕುಡಿಯಲು ನೀರು ಕೊಟ್ಟರು. ಅಷ್ಟೊಂದು ಮರ್ಯಾದೆ ಯಾಕೆ ಎಂದು ನನಗೆ ಹೆದರಿಕೆಯಾಯಿತು. ದೇವೀರಿ ಮಾಡಬಾರದ ಕೆಲಸ ಏನಾದರೂ ಮಾಡಿದ್ದಳೇ, ಅವಳ ಹೆಸರನ್ನು ಈ ಸೀಮೆಯೇ ಬಾಯಿಮುಚ್ಚಿ ಹೂತಿಟ್ಟಿದೆಯೇ? ಅತ್ತೆಗೂ ಅದೇ ಯೋಚನೆ ಬಂದಿತ್ತೆಂದು ಕಾಣುತ್ತದೆ. ಅವಳು ತಮಾಷೆ ಮಾಡುವುದನ್ನು ನಿಲ್ಲಿಸಿದ್ದಳು. ರಾಗಿ ಹೊಲಗಳ ನಡುವೆ, ಹುಲ್ಲು ಮುಚ್ಚಿದ ವೀರಗಲ್ಲುಗಳನ್ನು ಹಾದು, ಬಸ್ಸು ಮತ್ತೆ ಸೇತುವೆ ದಾಟಿ ನಮ್ಮನ್ನು ಅಜ್ಜಿಯ ತವರೂರಿಗೆ ತಂದಿತು.

ಅಜ್ಜಿಯ ಕಡೆಯವರೆಂದು ಅಲ್ಲಿ ಯಾರೂ ಉಳಿದಿರಲಿಲ್ಲ. ಕಡವಿನ ಅರಳಿಕಟ್ಟೆಯ ಮೇಲೆ ಕೂತಿದ್ದ ಕೆಂಚಜ್ಜಿ ಎಂಬ ಮುದುಕಿಯನ್ನು ಕೇಳಿ ಎಂದರು ಊರಿನವರು. ಆಕೆಗೆ ಅತ್ತೆ, ನಮ್ಮ ದೊಡ್ಡಮ್ಮ ದೇವೀರಿಯನ್ನು ಇಲ್ಲಿಂದ ಆಚೆ ದಡಕ್ಕೆ ಕೊಟ್ಟಿದ್ದರು, ಯಾವ ಮನೆಗೆ ಎಂದು ಗೊತ್ತಾಗಬೇಕಿತ್ತು ಎಂದಳು.

ಕೆಂಚಜ್ಜಿ ಅತ್ತೆಯ ಮುಖ ನೋಡಿದಳು. "ಕೊಟ್ಟಾಗ ಎಷ್ಟು ವಯಸ್ಸವ್ವ?"

"ಹತ್ತೋ ಹನ್ನೊಂದೋ. ಆಗಿನ ಕಾಲದ ಮದುವೆ ಹಾಗೇ ಅಲ್ವೇ?"

"ಹಳದಿ ಉಡಿಸಿದ್ರಂತಾ?"

"ಹೂಂ."

ಮುದುಕಿ ಕೋಲೂರಿ ಎದ್ದು, ಅಂಬಿಗನನ್ನು ಕರೆದು, "ಬನ್ನಿ, ತೋರುಸ್ತೀನಿ," ಎಂದಳು.

ನಾನು ಹರಿಗೋಲು ಹತ್ತಿದ್ದು ಅದೇ ಮೊದಲು. ಅಂಬಿಗ ಹುಟ್ಟು ಹಾಕುತ್ತಿದ್ದ ಹಾಗೆ ಅದು ಮೆಲ್ಲಗೆ ತಿರುಗತೊಡಗಿತು. ಎದುರಿಗಿದ್ದ ಆಚೆ ದಡ ಬದಿಗೆ ಸರಿಯಿತು, ಹೊಳೆಯ ಮೇಲ್ದಿಕ್ಕು ಬಂತು, ಆಮೇಲೆ ನಾವು ಬಿಟ್ಟುಬಂದ ಕಡವು ಕಣ್ಣಮುಂದೆ ನಿಂತಿತು, ಅರಳಿಮರ, ಕಟ್ಟೆ, ಬಟ್ಟೆ ಒಗೆಯುತ್ತಿದ್ದ ಹೆಂಗಸು. ಮತ್ತೆ ಸರಿಯಿತು. ಮತ್ತೆ ಬಂತು. ನಾನು ಬೇಕೆಂದೇ ಕತ್ತು ಬಿಗಿಹಿಡಿದು ಕೂತೆ. ಆದರೂ ಹರಿಗೋಲು ನನ್ನನ್ನು ಎತ್ತಿ ತಿರುಗಿಸಿ ಆ ದಡವನ್ನು ತೋರಿಸಿತು. ಎಷ್ಟೇ ಮುನಿಸಿದ್ದರೂ, ಇದರಲ್ಲಿ ಕೂತವರು ಬಿಟ್ಟುಹೋಗುವ ದಡವನ್ನು ನೋಡದೆ ಹೋಗುವುದು ಸಾಧ್ಯವಿರಲಿಲ್ಲ.

ಕೂತವರು.

ನಾನು ಅತ್ತೆಯ ಕಡೆ ನೋಡಿದೆ. ಅವಳು ಹರಿಗೋಲಿನ ತಳವನ್ನೇ ನೋಡುತ್ತಿದ್ದಳು, ಒಂದು ಮಗುವನ್ನು ಮಲಗಿಸಬಹುದಾದಷ್ಟಿದ್ದ ಆ ಜಾಗವನ್ನು.

ಆಚೆ ದಡದಲ್ಲಿ ಊರಿರಲಿಲ್ಲ. ಹೊಂಗೆಮರಗಳ ಕೆಳಗೆ ಮೊಣಕಾಲೆತ್ತರದ ಕಲ್ಲುಗಳು ಸಾಲುಸಾಲಾಗಿ ಹುಲ್ಲಿನಲ್ಲಿ ಮುಳುಗಿದ್ದವು. ಕೆಲವಕ್ಕೆ ಅರಿಸಿನ ಮೆತ್ತಿತ್ತು, ಕೆಲವುಗಳ ಬುಡದಲ್ಲಿ ಒಡೆದ ಹಸಿರು ಬಳೆಯ ಚೂರು. ಕೆಂಚಜ್ಜಿ ಒಂದು ಬೇರಿನ ಮೇಲೆ ಕೂತು ಉಸಿರು ತೆಗೆದುಕೊಂಡಳು.

"ಮದುವೆ ಕಾಣದೆ ಹೋದ ಹೆಣ್ಣುಮಕ್ಕಳನ್ನ ನಮ್ಮಲ್ಲಿ ಸತ್ರು ಅನ್ನಲ್ಲ ಕಣವ್ವ. ಆಚೆ ದಡಕ್ಕೆ ಕೊಟ್ಟೊ ಅಂತೀವಿ. ಮದುವಣಗಿತ್ತಿ ಹಂಗೇ ಸಿಂಗಾರ ಮಾಡಿ ಕಳುಸ್ತೀವಿ. ಅದಕ್ಕೇ ಬದುಕಿರೋ ಹೆಣ್ಣನ್ನ ಈ ಕಡೀಕೆ ಕೊಡದಿಲ್ಲ." ಆಮೇಲೆ, ನಾವು ಕೇಳದಿದ್ದರೂ, ಹಿಂದಿನ ಕಾಲದಲ್ಲಿ ಚಳಿಜ್ವರ ಬಂದ ವರ್ಷ ಹರಿಗೋಲಿಗೆ ಬಿಡುವೇ ಇರುತ್ತಿರಲಿಲ್ಲವೆಂದು ಹೇಳಿದಳು.

ಯಾವ ಕಲ್ಲು ದೇವೀರಿಯದೆಂದು ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಬಹಳ ಹೊತ್ತು ಕಲ್ಲುಗಳ ನಡುವೆ ಓಡಾಡಿ, ಕೊನೆಗೆ ಹೊಳೆಗೆ ತೀರ ಹತ್ತಿರವಿದ್ದ ಒಂದರ ಮುಂದೆ ನಿಂತಳು. ಸೀರೆ ಬಿಚ್ಚಿ ಹೊದಿಸಿದೆವು. ಅದು ಹುಲ್ಲಿನ ಮೇಲೆಲ್ಲ ಹರಡಿಕೊಂಡಿತು. ಎರಡು ಮಡಿಕೆ ಮಾಡಿದೆವು, ನಾಲ್ಕು ಮಾಡಿದೆವು, ಆದರೂ ಸೆರಗು ಮಣ್ಣಿಗೆ ತಾಗುತ್ತಲೇ ಇತ್ತು. ಅತ್ತೆ ಆ ಸೆರಗನ್ನು ಕಲ್ಲಿನ ಸುತ್ತ ಸಿಕ್ಕಿಸಿ, ಮಗುವಿಗೆ ಲಂಗ ಕಟ್ಟುವ ಹಾಗೆ ಗಂಟುಹಾಕಿದಳು. ಆಗ ಅವಳಿಗೆ ಅಳು ಬಂತು.

ಹಿಂದಿರುಗುವ ದಾರಿಯುದ್ದಕ್ಕೂ ನಾವು ವಾದ ಮಾಡಿದೆವು. ದೊಡ್ಡಮ್ಮ ಚೆನ್ನಾಗಿದ್ದಾರೆ, ಮೊಮ್ಮಕ್ಕಳಿದ್ದಾರೆ, ಸೀರೆ ಉಟ್ಟುಕೊಂಡರು ಎಂದುಬಿಡೋಣ ಎನ್ನುವುದು ಅತ್ತೆಯ ಮಾತು. ಸಾಯುವ ಮುದುಕಿಗೆ ಇನ್ನೊಂದು ಸಾವು ಯಾಕೆ? ಆ ಸುಳ್ಳು ನನ್ನಿಂದಾಗದು ಎಂದೆ ನಾನು. ಆ ಹೆಬ್ಬಾಗಿಲು, ಆ ಗಿಣಿಗಳು, ನನ್ನನ್ನು ಬೆಳೆಸಿದ ಆ ಮನೆಯೆಲ್ಲ ಒಂದು ಮಗು ತಪ್ಪಾಗಿ ಕೇಳಿಸಿಕೊಂಡ ಮಾತಿನ ಮೇಲೆ ನಿಂತಿತ್ತು. ಅದರ ಮೇಲೆ ನಾನೂ ಒಂದು ಕಲ್ಲು ಏರಿಸಲಾರದೆ ಹೋದೆ. ಕೆಡವುವ ಧೈರ್ಯವೂ ಇರಲಿಲ್ಲ.

ಅಜ್ಜಿ ಎಚ್ಚರವಾಗಿಯೇ ಇದ್ದಳು. "ಕೇಳಿದ್ಯಾ?"

ನಾನು ಅವಳ ಪಕ್ಕ ಕೂತೆ. "ಆಚೆ ದಡಕ್ಕೆ ಹೋಗೋರು ತಿರುಗಿ ನೋಡೋ ಹಾಗಿಲ್ಲವಂತೆ ಅಜ್ಜಿ. ಅದಕ್ಕೇ ನೋಡಲಿಲ್ಲ. ಠೂ ಏನೂ ಇಲ್ಲ."

ಅವಳು ಸೂರು ನೋಡುತ್ತ ಮಲಗಿದ್ದಳು. ಹೊರಗೆ ಯಾರೋ ತರಕಾರಿ ಕೂಗಿಕೊಂಡು ಹೋದರು. ಅಜ್ಜಿಯ ಹುಬ್ಬಿನ ಗಂಟು ಸಡಿಲವಾಗುವುದನ್ನು ನಾನು ಕಂಡೆ. ಆಮೇಲೆ ಅವಳು ತೀರ ಸಣ್ಣ ದನಿಯಲ್ಲಿ ಕೇಳಿದಳು, "ಸೀರೆ ಉದ್ದ ಆಯ್ತೇನೋ ಅವಳಿಗೆ?"

ನಾನು ಅತ್ತೆಯ ಮುಖ ನೋಡಿದೆ. ದಾರಿಯುದ್ದಕ್ಕೂ ಸುಳ್ಳು ಜೋಡಿಸಿಟ್ಟುಕೊಂಡಿದ್ದ ಅತ್ತೆ, "ಹೂಂನಮ್ಮ," ಎಂದಳು. "ನಾಲ್ಕು ಮಡಿಕೆ ಮಾಡಿ ಹೊದಿಸಿ ಬಂದ್ವಿ."

ಅಜ್ಜಿ ತಲೆಯಾಡಿಸಿದಳು. ಅವಳಿಗೆ ಎಷ್ಟು ಕಾಲದಿಂದ ಗೊತ್ತಿತ್ತೋ, ಗೊತ್ತಿದ್ದೂ ಯಾರಿಗಾಗಿ ಆ ಮನೆಯನ್ನು ಕಟ್ಟುತ್ತ ಬಂದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮುಂದಿನ ದಿನಗಳಲ್ಲಿ ಅವಳು ಗಂಜಿ ಕುಡಿದಳು, ಒಂದೆರಡು ಸಲ ನಕ್ಕಳು. ಒಂದು ಸಂಜೆ, ನಾನು ಕೇಳದಿದ್ದರೂ, ಆ ಕತೆಯನ್ನು ಕೊನೆಯ ಸಲ ಹೇಳಿದಳು. ಅದರಲ್ಲಿ ಹೆಬ್ಬಾಗಿಲು ಬರಲಿಲ್ಲ, ಗಿಣಿಗಳು ಬರಲಿಲ್ಲ. ಹಳದಿ ಸೀರೆ, ಹಸಿರು ಬಳೆ, ದಡದಲ್ಲಿ ಕೂಗುವ ಹುಡುಗಿ, ಇಷ್ಟೇ. ಹೇಳುತ್ತ ಹೇಳುತ್ತ ಅವಳ ಕಿರುಬೆರಳು ನನ್ನ ಕಿರುಬೆರಳನ್ನು ಹುಡುಕಿ ಕೊಂಡಿ ಹಾಕಿಕೊಂಡಿತು. ಆ ಸಲ ನಡುಹೊಳೆಗೆ ಬಂದ ಹರಿಗೋಲು, ಮೆಲ್ಲಗೆ, ಈ ದಡದ ಕಡೆಗೆ ತಿರುಗಿತು.